15 ವರ್ಷದ ಹೆಣ್ಣು ಬೆಕ್ಕು ಟ್ರೇ ಪಕ್ಕದಲ್ಲೇ ಉಚ್ಚೆ ಮಾಡುತ್ತಿದೆ, ಎಲ್ಲಿಂದ ಶುರು ಮಾಡಬೇಕು?

ಪುಚ್ಚೆಮನೆ (ಮಂಗಳೂರು)

ನಾಡತಳಿ ಹೆಣ್ಣು, 15 ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಕಳೆದ ವರ್ಷ ಲಸಿಕೆ ಹಾಕಿಸುವಾಗ ತೂಕ 4.1 ಕೆ.ಜಿ., ಈಗ 3.4. ಸುಮಾರು ಮೂರು ವಾರದಿಂದ ಉಚ್ಚೆ ಟ್ರೇ ಹೊರಗೆ, ಹೆಚ್ಚಾಗಿ ಟ್ರೇಯಿಂದ ಒಂದು ಗೇಣು ದೂರದಲ್ಲಿ, ಕೆಲವು ಸಲ ಬಚ್ಚಲುಮನೆ ಬಾಗಿಲ ಕಾಲೊರಸಿನ ಮೇಲೆ. ಕಕ್ಕ ಅರ್ಧ ಒಳಗೆ, ಅರ್ಧ ಹೊರಗೆ. ಟ್ರೇ ಮುಚ್ಚಳದ್ದು, ಒಳಗೆ ಹೋಗುವ ಅಂಚು ನೆಲದಿಂದ 18 ಸೆಂ.ಮೀ. ಎತ್ತರ. ಲಿಟ್ಟರ್ (ಟ್ರೇಯೊಳಗೆ ಹಾಕುವ ವಸ್ತು) ಮರದ ಪೆಲೆಟ್. ಮೂರು ವರ್ಷದ ಗಂಡು ಬೆಕ್ಕೊಂದು ಇದೆ, ಟ್ರೇ ಎರಡಕ್ಕೂ ಸೇರಿ ಒಂದೇ. ನೆಲ ರೆಡ್ ಆಕ್ಸೈಡ್. ರಕ್ತ ಪರೀಕ್ಷೆ ಆಗಿಲ್ಲ. ಮೊದಲು ಟ್ರೇ ಬದಲಿಸುವುದೋ, ಡಾಕ್ಟರ್ ಹತ್ತಿರ ಹೋಗುವುದೋ?

ಪಶುವೈದ್ಯ ಹಾಸನ

ಎರಡೂ ಒಟ್ಟಿಗೇ. ಟ್ರೇ ಇವತ್ತೇ ಬದಲಿಸಿ, ಪರೀಕ್ಷೆ ಈ ವಾರದಲ್ಲೇ ಮಾಡಿಸಿ. 4.1ರಿಂದ 3.4 ಅಂದರೆ ನೂರಕ್ಕೆ 17 ಪಾಲು ತೂಕ ಇಳಿದಿದೆ. 60 ಕೆ.ಜಿ. ಮನುಷ್ಯ ವರ್ಷದೊಳಗೆ 50ಕ್ಕೆ ಬಂದ ಲೆಕ್ಕ ಅದು. ಟ್ರೇ ಎಷ್ಟೇ ಚೆನ್ನಾಗಿ ಸರಿಮಾಡಿದರೂ ಈ ತೂಕಕ್ಕೆ ಅದು ಉತ್ತರ ಆಗುವುದಿಲ್ಲ.

ನೀವು ಬರೆದದ್ದರಲ್ಲಿ ಒಂದು ಒಳ್ಳೆಯ ಸುಳಿವಿದೆ. ಬೆಕ್ಕು ಟ್ರೇಯ ಒಂದು ಗೇಣು ಹತ್ತಿರದವರೆಗೂ ಬರುತ್ತಿದೆ. ಜಾಗ ಮರೆತಿಲ್ಲ, ಟ್ರೇ ಬೇಡ ಅಂತಲೂ ಇಲ್ಲ. ಬಂದು ಹತ್ತಲಾಗದೆ ಅಲ್ಲೇ ಕೂರುತ್ತಿದೆ, ಇಲ್ಲವೆ ಹತ್ತುವಷ್ಟು ಹೊತ್ತು ತಡೆಯಲು ಆಗುತ್ತಿಲ್ಲ. ಮೊದಲನೆಯದು ಕೀಲುನೋವು, ಎರಡನೆಯದು ಉಚ್ಚೆ ಜಾಸ್ತಿ ಆಗಿರುವುದು ಅಥವಾ ಉರಿ. ಮುದಿ ಬೆಕ್ಕಿನಲ್ಲಿ ಎರಡೂ ಒಟ್ಟಿಗೆ ಇರುವುದೇ ಹೆಚ್ಚು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರೆ 90ರಲ್ಲಿ ಕೀಲು ಸವೆತ ಇತ್ತು. ಬೆಕ್ಕು ನಾಯಿಯ ಹಾಗೆ ಕುಂಟುವುದಿಲ್ಲ. ಹಾರುವ ಕಡೆ ಹತ್ತುತ್ತದೆ, ಹತ್ತುವ ಕಡೆ ಸುಮ್ಮನೆ ನಿಲ್ಲುತ್ತದೆ, ಸೊಂಟದ ಮೇಲಿನ ಕೂದಲು ನೆಕ್ಕದೆ ಗಂಟು ಬೀಳುತ್ತದೆ. ನೋವು ಕಾಣುವುದು ಹಾಗೆ.

ಮುಂದಿನ ಮಾತಿಗೆ ಮೊದಲು ಇಷ್ಟು ಹೇಳಿ: ಹೊರಗೆ ಮಾಡುವ ಉಚ್ಚೆ ದೊಡ್ಡ ಕೆರೆಯೋ, ಚಿಕ್ಕಚಿಕ್ಕ ಹನಿಯೋ? ಕೂತು ಮಾಡುತ್ತದೋ, ಬಾಲ ಎತ್ತಿ ಗೋಡೆಗೆ ಚಿಮ್ಮಿಸುತ್ತದೋ? ನೀರು ಎಷ್ಟು ಕುಡಿಯುತ್ತದೆ? ಕಕ್ಕ ಗಟ್ಟಿ ಉಂಡೆಯೋ, ಮೆದುವೋ? ರಾತ್ರಿ ಕಾರಣವಿಲ್ಲದೆ ಕೂಗುತ್ತದೆಯೇ?

ಬಡಿಗ ಹುಬ್ಬಳ್ಳಿ

ಡಾಕ್ಟರ್ ಕೆಲಸ ಅವರು ಮಾಡ್ತಾರ, ಟ್ರೇ ಮಾತು ನಾ ಹೇಳ್ತೇನಿ. 18 ಸೆಂ.ಮೀ. ಅಂಚು ಮುದಿ ಬೆಕ್ಕಿಗೆ ಗ್ವಾಡಿ ಇದ್ದಂಗ. ಮ್ಯಾಲಿನ ಮುಚ್ಚಳ ಇವತ್ತ ತಗದು ಒಗೀರಿ. ಒಳಗ ತಿರುಗಾಕ ಬೆನ್ನ ಬಗ್ಗಸಬೇಕು, ವಾಸನಿ ಅಲ್ಲೇ ನಿಂದರತೈತಿ, ಸಣ್ಣ ಬೆಕ್ಕು ಬಾಗಲದಾಗ ಕುಂತು ತಡದರ ಹೊರಗ ಬರಾಕ ದಾರಿ ಇಲ್ಲ.

ಅಂಗಡ್ಯಾಗ ಸಿಗೂ ಟ್ರೇ ಬಹಳಷ್ಟು ಸಣ್ಣವು. ಮೂಗಿನಿಂದ ಬಾಲದ ಬುಡದ ಮಟ ಅಳೀರಿ, ಅದರ ಒಂದೂವರಿ ಪಟ್ಟು ಉದ್ದ ಬೇಕು. 45 ಸೆಂ.ಮೀ. ಬೆಕ್ಕಿಗೆ ಸುಮಾರು 68. ಅರಿವಿ ತುಂಬಿಡೂ ಪ್ಲಾಸ್ಟಿಕ್ ಡಬ್ಬಿ ತಗೋರಿ, 70 ಉದ್ದ, 45 ಅಗಲ, 30 ಎತ್ತರ ಇರಲಿ. ಗಾಜಿನಂಗ ಪಾರದರ್ಶಕ ಇರೂ ಬಿರುಸು ಡಬ್ಬಿ ಬ್ಯಾಡ, ಕೊಯ್ಯುವಾಗ ಸೀಳತೈತಿ. ತಳದಾಗ ತ್ರಿಕೋಣದೊಳಗ 5 ಅಂತ ಇದ್ದರ ಅದು ಪಾಲಿಪ್ರೊಪಿಲಿನ್, ಅದು ಚಲೋ.

ಅಗಲದ ಕಡೆ ನಡುವ 25 ಸೆಂ.ಮೀ. ಬಾಗಲ ಗುರುತ ಹಾಕ್ರಿ, ತಳದಿಂದ 6 ಸೆಂ.ಮೀ. ಬಿಟ್ಟು. ಕೆಳಗಿನ ಎರಡೂ ಮೂಲಿಗೆ ಮೊದಲ 10 ಮಿ.ಮೀ. ಬಿಟ್‌ಲೆ ತೂತ ಹೊಡೀರಿ. ಮೂಲಿ ಗುಂಡಗ ಇದ್ದರ ಬಿರುಕು ಅಲ್ಲಿಂದ ಮುಂದ ಓಡೂದಿಲ್ಲ. ಆಮ್ಯಾಲ ಹ್ಯಾಕ್ಸಾ ಬ್ಲೇಡಿನಿಂದ ಮ್ಯಾಲಿಂದ ತೂತಿನ ಮಟ ನಿಧಾನಕ ಕೊಯ್ರಿ. ಅಂಚು 120 ನಂಬರ್ ಪಾಲಿಶ್ ಕಾಗದದಿಂದ ತಿಕ್ರಿ. ಅಷ್ಟಕ್ಕ ಬಿಡಬ್ಯಾಡ್ರಿ: ಗಿಡಕ್ಕ ನೀರ ಹಾಕೂ ಅರ್ಧ ಇಂಚಿನ ರಬ್ಬರ್ ಪೈಪ್ ಎರಡ ಮಳ ತಗೊಂಡು ಉದ್ದಕ್ಕ ಸೀಳಿ, ಕೊಯ್ದ ಅಂಚಿಗೆ ಸಿಗಸ್ರಿ. ಹೊಟ್ಟಿ ಚರ್ಮ ತಾಗಿ ತರಚೂದಿಲ್ಲ, ಕಾಲಿಟ್ಟರ ಜಾರೂದಿಲ್ಲ. ಉಳಿದ ಮೂರೂ ಗ್ವಾಡಿ 30 ಸೆಂ.ಮೀ. ಇರೂದರಿಂದ ನಿಂತ ಉಚ್ಚಿ ಮಾಡಿದರೂ ಹೊರಗ ಹೋಗೂದಿಲ್ಲ. ಮೊಣಕಾಲ ನೋವಿದ್ದ ಬೆಕ್ಕು ಪೂರಾ ಕೂಡಾಂಗಿಲ್ಲ, ಅರ್ಧ ನಿಂತ ಮಾಡತೈತಿ. "ಟ್ರೇದಾಗ ನಿಂತು ಹೊರಗ ಮಾಡತೈತಿ" ಅಂತ ಬೈಸಿಕೊಳ್ಳೂ ಬೆಕ್ಕು ಬಹಳಷ್ಟು ಇಂಥಾವ.

ರೆಡ್ ಆಕ್ಸೈಡ್ ಮ್ಯಾಲೆ ಡಬ್ಬಿ ಸರದರ ಬೆಕ್ಕು ಹೆದರತೈತಿ. ಅಡ್ಯಾಗ ಹಳೆ ಯೋಗಾ ಮ್ಯಾಟ್ ಹಾಕ್ರಿ, ಬಾಗಲ ಮುಂದ ಅರ್ಧ ಮೀಟರ್ ಹೊರಗ ಬರಲಿ. ತೆಂಗಿನ ನಾರಿನ ಮ್ಯಾಟ್ ಬ್ಯಾಡ, ಅದರ ಮ್ಯಾಲ ಉಗುರು ಸಿಕ್ಕೊಳ್ಳತೈತಿ.

ಬೆಕ್ಕಿನಮ್ಮ ಬಸವನಗುಡಿ

ಪೆಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಸುಮಾರು 6 ಮಿ.ಮೀ. ದಪ್ಪದ ಗಟ್ಟಿ ಕಡ್ಡಿ ಅದು, ನೋವಿರುವ ಪಾದಕ್ಕೆ ಕಾಳು ಹರಡಿದ ನೆಲದ ಮೇಲೆ ನಡೆದ ಹಾಗೆ ಆಗುತ್ತೆ. ಇನ್ನೊಂದು ತೊಂದರೆ, ಉಚ್ಚೆ ಬಿದ್ದರೆ ಪುಡಿ ಆಗುತ್ತೆ, ಉಂಡೆ ಕಟ್ಟಲ್ಲ, ಹಾಗಾಗಿ ಎಷ್ಟು ಮಾಡಿತು ಅಂತ ನಿಮಗೆ ಗೊತ್ತೇ ಆಗಲ್ಲ. ಮುದಿ ಬೆಕ್ಕಿಗೆ ಉಂಡೆ ಕಟ್ಟುವ ಸಣ್ಣ ಹರಳಿನ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು), ಸುವಾಸನೆ ಇಲ್ಲದ್ದು. ಲ್ಯಾವೆಂಡರ್, ನಿಂಬೆ ಇವೆಲ್ಲ ನಮ್ಮ ಮೂಗಿಗೆ, ಅದರ ಮೂಗಿಗಲ್ಲ.

ಆಳ 3 ಸೆಂ.ಮೀ. ಸಾಕು. ಚಿಕ್ಕ ಬೆಕ್ಕಿಗೆ 5–6 ಹಾಕುತ್ತೀವಿ, ಮುದಿ ಬೆಕ್ಕಿಗೆ ಅಷ್ಟು ಹಾಕಿದರೆ ಕಾಲು ಹೂತು ಸೊಂಟ ಅಲುಗಾಡುತ್ತೆ. ದಿನಕ್ಕೆ ಎರಡು ಸಲ ಉಂಡೆ ತೆಗೆಯಿರಿ, ತೆಗೆದಷ್ಟು ಹೊಸದು ಹಾಕಿ, ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ. ಫಿನಾಯಿಲ್ ಮಾತ್ರ ಮುಟ್ಟಬೇಡಿ. ನೀರಿಗೆ ಬಿದ್ದ ಕೂಡಲೇ ಹಾಲಿನ ಬಣ್ಣ ಆಗುವ ಕ್ರಿಮಿನಾಶಕ ಯಾವುದೇ ಇರಲಿ, ಬೆಕ್ಕಿರುವ ಮನೆಯಲ್ಲಿ ಬೇಡ. ಅದರಲ್ಲಿ ಫೀನಾಲ್ ಜಾತಿಯ ವಸ್ತು ಇರುವುದು ಹೆಚ್ಚು. ಬೆಕ್ಕಿನ ಲಿವರ್‌ಗೆ ಅದನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ, ಪಾದಕ್ಕೆ ಹತ್ತಿದ್ದನ್ನು ನೆಕ್ಕಿದರೂ ವಿಷ.

ಪೆಲೆಟ್ ಒಮ್ಮೆಲೇ ತೆಗೆಯಬೇಡಿ, ಎರಡನ್ನೂ ಬೆರೆಸಲೂ ಬೇಡಿ. ಹಳೇ ಟ್ರೇ ಇದ್ದ ಹಾಗೇ ಇರಲಿ, ಮುಚ್ಚಳ ಮಾತ್ರ ತೆಗೆದು. ಹೊಸ ಡಬ್ಬಿಯಲ್ಲಿ ಹೊಸ ಲಿಟ್ಟರ್ ಹಾಕಿ, ಅದು ಈಗ ಉಚ್ಚೆ ಮಾಡುತ್ತಿರುವ ಜಾಗದಲ್ಲೇ ಇಡಿ. ಹತ್ತಿಯಲ್ಲಿ ಅದರ ಉಚ್ಚೆ ಒತ್ತಿ ತೆಗೆದು ಒಂದು ಮೂಲೆಯಲ್ಲಿ ಹಾಕಿದರೆ ಗುರುತು ಹಿಡಿಯುತ್ತೆ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು. ಪಕ್ಕಪಕ್ಕ ಇಟ್ಟ ಎರಡು ಟ್ರೇ ಬೆಕ್ಕಿನ ಲೆಕ್ಕಕ್ಕೆ ಒಂದೇ, ಗಂಡು ಬೆಕ್ಕು ಒಂದೇ ಕಡೆ ಕೂತು ಎರಡನ್ನೂ ಕಾಯುತ್ತೆ. ಬೇರೆಬೇರೆ ಕೋಣೆಯಲ್ಲಿಡಿ. ಮಾಳಿಗೆ ಮನೆಯಾದರೆ ಅಜ್ಜಿ ಬೆಕ್ಕು ಮಲಗುವ ಮಹಡಿಯಲ್ಲಿ ಒಂದು ಇರಲೇಬೇಕು.

ಕಡಲತಡಿ

ಬೆಂಟೊನೈಟ್ ಸರಿ, ಆದರೆ ನಮ್ಮ ಊರಿನ ಜೂನ್–ಜುಲೈ ತಿಂಗಳ ಲೆಕ್ಕ ಬೇರೆ ಮಾರಾಯ್ರೆ. ಪ್ಯಾಕೆಟ್ ಬಾಯಿ ತೆರೆದಿಟ್ಟರೆ ಅದೇ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ಉಂಡೆ ಸರಿಯಾಗಿ ಕಟ್ಟದೆ ಟ್ರೇ ತಳಕ್ಕೆ ಅಂಟುತ್ತದೆ. ರಬ್ಬರ್ ಅಂಚಿನ ಮುಚ್ಚಳದ ಡಬ್ಬದಲ್ಲಿ ತುಂಬಿಡಿ. ಟೋಫು ಲಿಟ್ಟರ್ ಪಾದಕ್ಕೆ ಮೆದು, ಧೂಳು ಕಡಿಮೆ, ಒಳ್ಳೆಯದೇ. ಆದರೆ ಅದು ಸೋಯಾ ಹಿಂಡಿಯ ವಸ್ತು. ಮಳೆಗಾಲದಲ್ಲಿ ಹುಳಿ ವಾಸನೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಹಾಕುವುದಾದರೆ ತೆಳ್ಳಗೆ ಹಾಕಿ ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಮರಳು ಹಾಕುವವರಿಗೆ ಒಂದು ಮಾತು. ಹೊಳೆಮರಳು ತೊಳೆದು ಒಣಗಿಸಿದ್ದಾದರೆ ಅಡ್ಡಿಯಿಲ್ಲ, ಉಂಡೆ ಕಟ್ಟುವುದಿಲ್ಲ ಅಷ್ಟೇ. ಎಂ-ಸ್ಯಾಂಡ್ ಬೇಡ. ಅದು ಕಲ್ಲು ಒಡೆದ ಪುಡಿ, ಅಂಚು ಚೂಪು, ಧೂಳು ಜಾಸ್ತಿ. ತೆಗೆದ ಉಂಡೆ ಕಮೋಡಿಗೂ ಹಾಕಬೇಡಿ, ಬೆಂಟೊನೈಟ್ ಪೈಪಿನೊಳಗೆ ಉಬ್ಬಿ ಕೂರುತ್ತದೆ.

ಪುಚ್ಚೆಮನೆ

ಎಲ್ಲರಿಗೂ ವಂದನೆ. ಹಾಸನದ ಡಾಕ್ಟ್ರು ಕೇಳಿದ್ದಕ್ಕೆ ಉತ್ತರ: ದೊಡ್ಡ ಕೆರೆ, ಅಂಗೈಗಿಂತ ದೊಡ್ಡದು, ಬಣ್ಣ ತೀರಾ ತಿಳಿ, ವಾಸನೆ ಮೊದಲಿನಷ್ಟು ಇಲ್ಲ. ಕೂತೇ ಮಾಡುತ್ತದೆ, ಗೋಡೆಗಿಲ್ಲ. ನೀರು ಜಾಸ್ತಿ ಕುಡಿಯುತ್ತದೆ ಅಂತ ಅನುಮಾನ, ಅಳೆದಿಲ್ಲ. ಕಕ್ಕ ಆಡಿನ ಹಿಕ್ಕೆಯ ಹಾಗೆ ಗಟ್ಟಿ. ರಾತ್ರಿ ಎರಡು ಮೂರು ಗಂಟೆಗೆ ಜೋರಾಗಿ ಕೂಗುತ್ತದೆ. ನೆಲದ ವಾಸನೆ ಹೋಗಿಸುವುದು ಹೇಗೆ? ಆ್ಯಸಿಡ್ ಹಾಕಿದರೆ ಆದೀತೇ?

ಬೆಕ್ಕಿನಮ್ಮ ಬಸವನಗುಡಿ

ಆ್ಯಸಿಡ್ ಬೇಡವೇ ಬೇಡ! ರೆಡ್ ಆಕ್ಸೈಡ್ ಅಂದರೆ ಸಿಮೆಂಟು, ಕಡಪಾ ಮತ್ತು ಮಾರ್ಬಲ್ ಸುಣ್ಣದ ಜಾತಿ, ಆ್ಯಸಿಡ್ ಮೂರನ್ನೂ ತಿನ್ನುತ್ತೆ. ತಿಂದ ಜಾಗ ಒರಟಾಗಿ ಮುಂದಿನ ಉಚ್ಚೆ ಇನ್ನೂ ಆಳಕ್ಕೆ ಇಳಿಯುತ್ತೆ. ವಿನೆಗರ್ ಕೂಡ ಹಾಗೇ. ಬ್ಲೀಚೂ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಅನ್ನೋ ವಿಷಗಾಳಿ ಬರುತ್ತೆ.

ಹಸಿಯಾಗಿದ್ದಾಗ ಹಳೇ ಹತ್ತಿಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರಲ್ಲಿ ಒಮ್ಮೆ ಒರೆಸಿ. ಎನ್‌ಜೈಮ್ ಇರುವ ಬಟ್ಟೆ ತೊಳೆಯುವ ಡಿಟರ್ಜೆಂಟ್ ಒಂದು ಪಾಲು, ಉಗುರುಬೆಚ್ಚಗಿನ ನೀರು ಒಂಬತ್ತು ಪಾಲು. ಕುದಿಯುವ ನೀರು ಹಾಕಿದರೆ ಎನ್‌ಜೈಮ್ ಕೆಲಸ ನಿಲ್ಲಿಸುತ್ತೆ. ಕಲೆಗಿಂತ ಒಂದು ಗೇಣು ಹೆಚ್ಚು ಜಾಗಕ್ಕೆ ಹಾಕಿ, ಒಣಗದ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 15 ನಿಮಿಷ ಬಿಡಿ. ಆಮೇಲೆ ತಣ್ಣೀರಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿದ ಮೇಲೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ತೆಳ್ಳಗೆ ಸಿಂಪಡಿಸಿ. ಸ್ಪಿರಿಟ್ ಬೆಂಕಿ ಹಿಡಿಯುತ್ತೆ, ದೇವರ ದೀಪ ಹಚ್ಚಿರುವಾಗ ಬೇಡ, ಒಣಗುವ ತನಕ ಬೆಕ್ಕು ಬೇರೆ ಕೋಣೆಯಲ್ಲಿರಲಿ. ರೆಡ್ ಆಕ್ಸೈಡಿನ ಮೇಣದ ಪಾಲಿಶ್ ಸ್ಪಿರಿಟ್‌ಗೆ ಬಿಡಬಹುದು, ಮಂಚದ ಕೆಳಗೆಲ್ಲೋ ಒಂದು ಮೂಲೆಯಲ್ಲಿ ಮೊದಲು ನೋಡಿ.

ಹಳೇ ಕಲೆ ಎಲ್ಲೆಲ್ಲಿದೆ ಅಂತ ಗೊತ್ತಾಗಬೇಕಾದರೆ 365 ನ್ಯಾನೊಮೀಟರಿನ ಯುವಿ ಟಾರ್ಚ್ ತಂದು ರಾತ್ರಿ ದೀಪ ಆರಿಸಿ ನೋಡಿ, ಹಳದಿ-ಹಸಿರಾಗಿ ಹೊಳೆಯುತ್ತೆ. ನೀವು ಗಮನಿಸದ ಎರಡು ಮೂರು ಜಾಗವಾದರೂ ಸಿಗುತ್ತೆ. ಕಾಲೊರಸು ಒಗೆದು ಒಳಗಿಟ್ಟುಬಿಡಿ, ಮೆತ್ತಗಿರುವುದೇ ಅದಕ್ಕೆ ಹಿಡಿಸಿದೆ.

ಪಶುವೈದ್ಯ ಹಾಸನ

ದೊಡ್ಡ ಕೆರೆ, ತಿಳಿ ಬಣ್ಣ, ಇಳಿದ ತೂಕ, ಗಟ್ಟಿ ಕಕ್ಕ, ರಾತ್ರಿ ಕೂಗು. ಇಷ್ಟೂ ಸೇರಿದರೆ ಮೊದಲ ಅನುಮಾನ ಕಿಡ್ನಿ ಮೇಲೆ, ಜೊತೆಗೆ ಬಿ.ಪಿ. ಕಿಡ್ನಿ ಉಚ್ಚೆಯನ್ನು ಗಟ್ಟಿ ಮಾಡಲಾಗದೆ ನೀರನ್ನೆಲ್ಲ ಬಿಟ್ಟುಕೊಡುತ್ತದೆ. ಮೈ ಒಣಗುತ್ತದೆ, ಒಣಗಿದ ಮೈ ಕರುಳಿನಿಂದ ನೀರು ಎಳೆದುಕೊಳ್ಳುತ್ತದೆ, ಕಕ್ಕ ಕಲ್ಲಾಗುತ್ತದೆ. ತಿಣುಕುವಾಗ ನೋವಾಗಿ ಬೆಕ್ಕು ಟ್ರೇಯಿಂದ ಎದ್ದು ಹೊರಡುತ್ತದೆ. ಅರ್ಧ ಒಳಗೆ, ಅರ್ಧ ಹೊರಗೆ ಬೀಳುವುದು ಹೀಗೆ.

ನೀರು ಅಳೆಯಿರಿ. ಬೆಳಿಗ್ಗೆ ಬಟ್ಟಲಿಗೆ 500 ಮಿ.ಲೀ. ಅಳೆದು ಹಾಕಿ, ಅಂಥದೇ ಇನ್ನೊಂದು ಬಟ್ಟಲಿಗೂ ಅಷ್ಟೇ ಹಾಕಿ ಬೆಕ್ಕಿಗೆ ಸಿಗದ ಕಡೆ ಇಡಿ. 24 ಗಂಟೆ ಬಿಟ್ಟು ಎರಡನ್ನೂ ಅಳೆದರೆ ಆವಿಯಾದದ್ದು ಎಷ್ಟು, ಕುಡಿದದ್ದು ಎಷ್ಟು ತಿಳಿಯುತ್ತದೆ. ಆ ದಿನ ಗಂಡು ಬೆಕ್ಕು ಬೇರೆ ಕೋಣೆಯಲ್ಲಿರಲಿ. 3.4 ಕೆ.ಜಿ. ಬೆಕ್ಕಿಗೆ 170 ಮಿ.ಲೀ. ದಾಟಿದರೆ ಅನುಮಾನ, 340 ದಾಟಿದರೆ ಖಂಡಿತ ಹೆಚ್ಚು.

ಕೇಳಿ ಮಾಡಿಸಬೇಕಾದ ಪರೀಕ್ಷೆ: ಕ್ರಿಯೇಟಿನಿನ್, ಯೂರಿಯಾ (ಎರಡೂ ಕಿಡ್ನಿ ಹೊರಹಾಕುವ ಕಸ), ರಂಜಕ (ಫಾಸ್ಫರಸ್), ಪೊಟ್ಯಾಸಿಯಂ, ಸಕ್ಕರೆ, ಟಿ4 (ಥೈರಾಯ್ಡ್ ಹಾರ್ಮೋನ್), ಸಾಧ್ಯವಾದರೆ ಎಸ್‌ಡಿಎಂಎ (ಕಿಡ್ನಿಯ ತೊಂದರೆ ಬೇಗ ತೋರಿಸುವ ಪರೀಕ್ಷೆ). ಉಚ್ಚೆಯ ಸಾಂದ್ರತೆ (ಎಷ್ಟು ಗಟ್ಟಿ, ಎಷ್ಟು ತಿಳಿ ಅನ್ನುವ ಅಳತೆ) ರಿಫ್ರ್ಯಾಕ್ಟೋಮೀಟರ್ ಅನ್ನುವ ಉಪಕರಣದಲ್ಲೇ ನೋಡಬೇಕು. ಮನುಷ್ಯರಿಗಾಗಿ ಮಾಡಿದ ಪಟ್ಟಿ ಬೆಕ್ಕಿನ ಸಾಂದ್ರತೆಯನ್ನು ಸರಿಯಾಗಿ ತೋರಿಸುವುದಿಲ್ಲ, ಬಿಳಿಕಣ ಇಲ್ಲದಿದ್ದರೂ ಇದೆ ಅನ್ನುತ್ತದೆ. ಸಕ್ಕರೆ ಹೆಚ್ಚು ಬಂದರೆ ಗಾಬರಿ ಬೇಡ. ಹೆದರಿದ ಬೆಕ್ಕಿನಲ್ಲಿ ಅದು ಏರುತ್ತದೆ, ಫ್ರಕ್ಟೊಸಮೀನ್ (ಹಿಂದಿನ ಒಂದೆರಡು ವಾರದ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ನೋಡಿದರೆ ನಿಜ ಗೊತ್ತಾಗುತ್ತದೆ. ಬಿ.ಪಿ. ಕಡ್ಡಾಯ.

ಉಚ್ಚೆ ಮನೆಯಲ್ಲೇ ಹಿಡಿಯಲು ತೊಳೆದೊಣಗಿಸಿದ ಖಾಲಿ ಟ್ರೇಗೆ ಕುದಿಸಿ ಒಣಗಿಸಿದ ಅಕ್ವೇರಿಯಂ ಕಲ್ಲು ತೆಳ್ಳಗೆ ಹಾಕಿ. ಮಾಡಿದ ಮೇಲೆ ಟ್ರೇ ವಾಲಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ 3–5 ಮಿ.ಲೀ. ಎಳೆದು ಫ್ರಿಜ್ಜಿನಲ್ಲಿಟ್ಟು ಅವತ್ತೇ ಕೊಡಿ. ಸೋಂಕು ನೋಡುವ ಕಲ್ಚರ್‌ಗೆ ಇದು ನಡೆಯುವುದಿಲ್ಲ, ಅದನ್ನು ಡಾಕ್ಟರೇ ಮೂತ್ರಕೋಶದಿಂದ ಸೂಜಿಯಲ್ಲಿ ತೆಗೆಯಬೇಕು. ತಿಳಿ ಉಚ್ಚೆಯ ಮುದಿ ಹೆಣ್ಣು ಬೆಕ್ಕಿನಲ್ಲಿ ಸೋಂಕು ಲಕ್ಷಣ ತೋರದೆಯೂ ಇರುತ್ತದೆ.

ಔಷಧದ ಮಾತು, ಇದನ್ನು ದಯವಿಟ್ಟು ಎಲ್ಲರೂ ಓದಿ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಮನೆಯಲ್ಲಿರುವ ಮೆಲಾಕ್ಸಿಕಾಂ ನೋವಿನ ಮಾತ್ರೆ 7.5 ಮಿ.ಗ್ರಾಂ. ಇಷ್ಟು ತೂಕದ ಬೆಕ್ಕಿಗೆ ದಿನದ ಪ್ರಮಾಣ ಸುಮಾರು 0.17 ಮಿ.ಗ್ರಾಂ., ಅದೂ ಕಿಡ್ನಿ ನೋಡಿದ ಮೇಲೆ. ಒಂದು ಮಾತ್ರೆ ಅಂದರೆ 44 ದಿನದ ಔಷಧ ಒಂದೇ ಸಲ. ಮಲಬದ್ಧತೆಗೆ ಮನುಷ್ಯರ ಫಾಸ್ಫೇಟ್ ಎನಿಮಾ ಹಾಕಿದರೂ ಸಾವು. ಲ್ಯಾಕ್ಟುಲೋಸ್ ಸಿರಪ್ ಕೊಡಬಹುದು, ಕೆ.ಜಿ.ಗೆ 0.5 ಮಿ.ಲೀ. ಲೆಕ್ಕದಲ್ಲಿ ದಿನಕ್ಕೆ ಎರಡು ಮೂರು ಸಲ, ಆದರೆ ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಅಂತ ಡಾಕ್ಟರ್ ನೋಡಿ ಹೇಳಿದ ಮೇಲೆ.

ಮನೆಯ ಗಂಡು ಬೆಕ್ಕಿನ ಮೇಲೂ ಕಣ್ಣಿರಲಿ. ಅದು ಟ್ರೇಯಲ್ಲಿ ಕೂತು ತಿಣುಕಿ ಹನಿಯೂ ಬರದಿದ್ದರೆ ಮರುದಿನಕ್ಕೆ ಕಾಯಬೇಡಿ. ಗಂಡಿನ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ.

ಬಾಡಿಗೆಮನೆ ಮೈಸೂರು

ಮೆಡಿಕಲ್ ಶಾಪಿನಲ್ಲಿ ಹಾಸಿಗೆ ಹಿಡಿದವರಿಗೆ ಹಾಸುವ 60×90 ಸೆಂ.ಮೀ. ಅಂಡರ್‌ಪ್ಯಾಡ್ ಸಿಗುತ್ತೆ. ಲಿಟ್ಟರ್ ಬಿಟ್ಟು ಅದನ್ನೇ ಹಾಸಿದರೆ ಸಾಲದೇ? ಬೆಕ್ಕನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿ ಕಲಿಸಿ ಅಂತಲೂ ಹಲವರು ಹೇಳುತ್ತಾರೆ.

ಬೆಕ್ಕಿನಮ್ಮ ಬಸವನಗುಡಿ

ಪ್ಯಾಡ್ ಒಳ್ಳೆಯದು, ಆದರೆ ಟ್ರೇ ಬದಲಿಗೆ ಅಲ್ಲ, ಟ್ರೇ ಸುತ್ತ. ಕೆರೆದು ಮುಚ್ಚುವ ಅಭ್ಯಾಸ ಇನ್ನೂ ಇರುವ ಬೆಕ್ಕಿನಿಂದ ಲಿಟ್ಟರ್ ಕಿತ್ತುಕೊಳ್ಳಬಾರದು. ನಿಲ್ಲಲೂ ಆಗದ ಸ್ಥಿತಿಗೆ ಬಂದಾಗ ಪ್ಯಾಡ್ ಒಂದೇ ಸಾಕು. ಕೂಡಿಹಾಕುವುದಕ್ಕೆ ನಾನು ಒಪ್ಪಲ್ಲ. ತಣ್ಣನೆ ಒದ್ದೆ ನೆಲ ಕೀಲುನೋವಿಗೆ ಶತ್ರು, ನೀರು ಊಟ ಟ್ರೇ ಒಂದೇ ಮೂಲೆಗೆ ಬರುತ್ತೆ, ಬೆಕ್ಕು ಹೆದರಿ ಉಚ್ಚೆ ತಡೆಯುತ್ತೆ. ಒಂದು ಕೋಣೆಗೆ ಸೀಮಿತ ಮಾಡಬೇಕಾದರೆ ಮೆತ್ತನೆ ಹಾಸಿಗೆ ಇರುವ ಬೆಚ್ಚಗಿನ ಕೋಣೆ ಕೊಡಿ, ಎರಡು ಟ್ರೇ ಇಡಿ, ಅದೂ ರಾತ್ರಿ ಹೊತ್ತು ಮಾತ್ರ. ಮೂಗು ಒತ್ತಿ ತೋರಿಸುವುದು, ಬೈಯುವುದು, ನೀರು ಎರಚುವುದು, ಇವುಗಳಿಂದ ಬೆಕ್ಕು ಕಲಿಯುವುದು ನಮ್ಮ ಕಣ್ಣಿಗೆ ಬೀಳದ ಕಡೆ ಮಾಡುವುದನ್ನು ಮಾತ್ರ.

ಪುಚ್ಚೆಮನೆ

ವರದಿ ಬಂತು. ಕ್ರಿಯೇಟಿನಿನ್ 2.4, ಸಾಂದ್ರತೆ 1.016, ಸಕ್ಕರೆ ಮತ್ತು ಟಿ4 ಸರಿ ಇದೆ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಬಿ.ಪಿ. 185. ನೀರು 24 ಗಂಟೆಗೆ 260 ಮಿ.ಲೀ. ಬಿ.ಪಿ. ಇಳಿಸುವ ಆಮ್ಲೋಡಿಪಿನ್ ಬರೆದಿದ್ದಾರೆ, 2.5 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ ದಿನಕ್ಕೊಮ್ಮೆ. ಹುಬ್ಬಳ್ಳಿಯವರ ಅಳತೆಯ ಡಬ್ಬಿ ಇಟ್ಟಾಗಿದೆ, ಉಚ್ಚೆ ಈಗ ಹೆಚ್ಚಿನ ಸಲ ಅದರಲ್ಲೇ. ರಾತ್ರಿ ಮಾತ್ರ ಈಗಲೂ ಹೊರಗೆ.

ಪಶುವೈದ್ಯ ಹಾಸನ

ಕ್ರಿಯೇಟಿನಿನ್ 2.4 ಅಂದರೆ ಐರಿಸ್ (ಪಶುಗಳ ಕಿಡ್ನಿ ಕಾಯಿಲೆಯ ಹಂತ ಗುರುತಿಸುವ ಅಂತರರಾಷ್ಟ್ರೀಯ ತಜ್ಞರ ಸಂಘ) ಲೆಕ್ಕದಲ್ಲಿ ಎರಡನೇ ಹಂತ (1.6ರಿಂದ 2.8). ಸರಿಯಾಗಿ ನೋಡಿಕೊಂಡರೆ ಈ ಹಂತದಲ್ಲಿ ಬೆಕ್ಕುಗಳು ವರ್ಷಗಟ್ಟಲೆ ಇರುತ್ತವೆ. ಅವಸರ ಇರುವುದು ಬಿ.ಪಿ.ಗೆ, 180 ದಾಟಿದರೆ ಕಣ್ಣಿನ ಅಕ್ಷಿಪಟಲ ಕಳಚಿ ದಿಢೀರನೆ ಕುರುಡಾಗಬಹುದು. ಕಣ್ಣು ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. 7ರಿಂದ 10 ದಿನಕ್ಕೆ ಮತ್ತೆ ಅಳೆಯಬೇಕು, 160ಕ್ಕಿಂತ ಕೆಳಗೆ ಬರಬೇಕು. ಮಾತ್ರೆ ಕಾಲು ಮಾಡಲು ಪಿಲ್ ಕಟರ್ ತನ್ನಿ, ಚಾಕುವಿನಲ್ಲಿ ಸಮ ಆಗುವುದಿಲ್ಲ. ಉಚ್ಚೆಯಲ್ಲಿ ಪ್ರೋಟೀನ್ ಎಷ್ಟು ಹೋಗುತ್ತಿದೆ ಅಂತ ಕೇಳಿ, ಪ್ರೋಟೀನ್–ಕ್ರಿಯೇಟಿನಿನ್ ಅನುಪಾತದ ಪರೀಕ್ಷೆ.

ಕಿಡ್ನಿ ಆಹಾರಕ್ಕೆ ಬದಲಿಸುವುದಾದರೆ ಮೂರು ನಾಲ್ಕು ವಾರ ಹಿಡಿದು ನಿಧಾನಕ್ಕೆ. ತಿನ್ನದೆ ಉಪವಾಸ ಇರುವುದಕ್ಕಿಂತ ಹಳೆಯದನ್ನೇ ತಿನ್ನಲಿ. ಒದ್ದೆ ಆಹಾರ ಕೊಟ್ಟರೆ, ಚರ್ಮದಡಿ ಸಲೈನ್ ಕೊಡುವ ಹಂತ ಬಂದರೆ, ಉಚ್ಚೆ ಇನ್ನೂ ಹೆಚ್ಚುತ್ತದೆ. ನೀರು ಮಾತ್ರ ಎಂದೂ ಕಡಿಮೆ ಮಾಡಬೇಡಿ. ಉಂಡೆ ತೆಗೆಯುವುದನ್ನು ದಿನಕ್ಕೆ ಮೂರು ಸಲ ಮಾಡಿ, ಕೊನೆಯದು ನೀವು ಮಲಗುವ ಮುಂಚೆ.

ಬಡಿಗ ಹುಬ್ಬಳ್ಳಿ

ರಾತ್ರಿ ಕಣ್ಣ ಕಾಣಾಂಗಿಲ್ಲೇನೋ ನೋಡ್ರಿ. ಟ್ರೇ ಹತ್ರ ಝೀರೋ ಬಲ್ಬ್ ಹಚ್ಚಿಡ್ರಿ, ಮಲಗೂ ಜಾಗದಿಂದ ಟ್ರೇ ಮಟ ದಾರ್ಯಾಗ ಕುರ್ಚಿ, ಬಕೀಟು ಏನೂ ಬ್ಯಾಡ. ಇನ್ನೊಂದು ಡಬ್ಬಿ ಹಾಸಿಗಿಯಿಂದ ಎರಡು ಮೂರು ಮೀಟರ್‌ನ್ಯಾಗ ಇಡ್ರಿ. ಅನ್ನದ ತಾಟಿನ ಬಾಜೂಕ ಮಾತ್ರ ಬ್ಯಾಡ.

ಮತ್ತ ಉಗುರು ನೋಡೀರೇನು? ಮುದಿ ಬೆಕ್ಕು ಉಗುರು ತಿಕ್ಕೂದಿಲ್ಲ, ಹಳೆ ಸಿಪ್ಪಿ ಉದರೂದಿಲ್ಲ, ದಪ್ಪಾಗಿ ಸುತ್ತಿ ಪಾದದ ಗಾದಿಯೊಳಗ ಇಳೀತಾವ. ಮುಂಗಾಲಿನ ಹೆಬ್ಬೆರಳಿನ ಉಗುರು ಮೊದಲ ನೋಡ್ರಿ.

ಪುಚ್ಚೆಮನೆ

ಈಗಷ್ಟೇ ನೋಡಿದೆ. ಎಡ ಮುಂಗಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಸುತ್ತಿ ತುದಿ ಗಾದಿಗೆ ತಾಗಿದೆ, ರಕ್ತ ಇಲ್ಲ, ಕೆಂಪಾಗಿದೆ. ಮನೆಯಲ್ಲೇ ಕತ್ತರಿಸಬಹುದೇ?

ಪಶುವೈದ್ಯ ಹಾಸನ

ಚರ್ಮದೊಳಗೆ ಇಳಿದಿಲ್ಲದಿದ್ದರೆ ಕತ್ತರಿಸಬಹುದು. ಬೆಕ್ಕಿನ ಉಗುರು ಕಟರ್ ಬಳಸಿ. ಮನುಷ್ಯರ ನೇಲ್ ಕಟರ್ ದಪ್ಪ ಉಗುರನ್ನು ಸೀಳುತ್ತದೆ. ಟಾರ್ಚ್ ಹಿಡಿದರೆ ಒಳಗೆ ಗುಲಾಬಿ ಬಣ್ಣದ ನರ ಕಾಣುತ್ತದೆ, ಅದಕ್ಕೆ 2 ಮಿ.ಮೀ. ಬಿಟ್ಟು ಸುರುಳಿಯ ಭಾಗವನ್ನು ಮಾತ್ರ ತೆಗೆಯಿರಿ. ಮುದಿ ಉಗುರಿನಲ್ಲಿ ನರ ಕಾಣದಿರಬಹುದು, ಆಗ ತುದಿಯಷ್ಟೇ ಸಾಕು. ಆಮೇಲೆ ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕೀವು, ಊತ, ಕೆಟ್ಟ ವಾಸನೆ ಇದ್ದರೆ ಮುಟ್ಟದೆ ಕರೆದುಕೊಂಡು ಹೋಗಿ. ಉಳಿದ ಹದಿನೇಳೂ ಉಗುರು ನೋಡಿ, ಇನ್ನು ಮುಂದೆ ಎರಡು ವಾರಕ್ಕೊಮ್ಮೆ. ತೂಕವನ್ನೂ ಅದೇ ದಿನ ಬರೆದಿಡಿ. ಬಿ.ಪಿ. ಮತ್ತೆ ನೋಡಿಸಲು ಹೋದಾಗ ಕೀಲುನೋವಿನ ಔಷಧದ ಮಾತು ಎತ್ತಿ. ಗ್ಯಾಬಪೆಂಟಿನ್ ಬರೆದರೆ ಕಿಡ್ನಿ ನೋಡಿ ಕಡಿಮೆ ಪ್ರಮಾಣದಲ್ಲೇ ಬರೆಯುತ್ತಾರೆ. ಮೊದಲ ಕೆಲವು ದಿನ ಬೆಕ್ಕು ತೂಗಾಡುತ್ತದೆ, ಆಗ ಟ್ರೇಯ ಅಂಚು 6 ಸೆಂ.ಮೀ. ಕೂಡ ಎಡವುವಷ್ಟು ಎತ್ತರವೇ. ಆ ದಿನಗಳಲ್ಲಿ ಬಾಗಿಲ ಮುಂದೆ ಅಂಡರ್‌ಪ್ಯಾಡ್ ಹಾಸಿಡಿ.